ಕಣ್ಣು ಮುಚ್ಚಿ ಎತ್ತಿದ ಕೈ

ಅಕ್ಕನ ಮನೆ,
ಶುಕ್ರವಾರ ಸಂಜೆ

ನನ್ನ ಮೇಲೆ ಮುನಿಸಿಕೊಂಡಿರುವ ಯಜಮಾನರಿಗೆ,

ಕಾಗದ ನೋಡಿ ಗಾಬರಿಯಾಗಬೇಡಿ. ರಾಜಿಗೆ ಬಂದಳು ಎಂದು ನಗಲೂ ಬೇಡಿ. ಫೋನ್ ಮಾಡೋಣವೆಂದರೆ ನಿಮ್ಮ ಧ್ವನಿ ಕೇಳಿದ ಕೂಡಲೇ ಅಳು ಬಂದು, ಹೇಳಬೇಕಾದದ್ದು ಮರೆತೇಹೋಗುತ್ತದೆ. ಬರೆಯುವಾಗ ಅತ್ತರೆ ಅಕ್ಷರ ಕಲಸಿಹೋಗುತ್ತದೆ, ಅಷ್ಟೇ. ಮೊದಲು ವಿಷಯ ಹೇಳಿಬಿಡುತ್ತೇನೆ. ಭಾನುವಾರ ಬೆಳಿಗ್ಗೆಯಿಂದ ನಿಮ್ಮ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ನಮ್ಮ ಟೀಮಿನ ಹೊಸ ಸಾಫ್ಟ್‌ವೇರ್ ಶುರುವಾಗುತ್ತದೆ. ಅದನ್ನು ನಂಬಬೇಡಿ. ಬಂದ ಪ್ರತಿಯೊಂದು ಕರೆಯನ್ನೂ ಪೆನ್ನಿನಲ್ಲಿ ಬರೆದುಕೊಂಡು, ಗಾಡಿ ಹೊರಟಿತೇ ಎಂದು ಡ್ರೈವರನ್ನು ಬಾಯಲ್ಲೇ ಕೇಳಿ.

ಏಕೆಂದರೆ ಎರಡು ಕರೆಗಳು ಒಂದೇ ಕ್ಷಣಕ್ಕೆ ಬಂದರೆ, ಕೆಲವೊಮ್ಮೆ ಒಂದು ಮಾಯವಾಗುತ್ತಿದೆ. ನಿಮ್ಮ ಪರದೆಯ ಮೇಲೂ ಇರುವುದಿಲ್ಲ, ಗಾಡಿಗೂ ಹೋಗುವುದಿಲ್ಲ. ಫೋನ್ ಮಾಡಿದವರು ಮಾತ್ರ ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಬಾಗಿಲು ತೆರೆದಿಟ್ಟು ಕಾಯುತ್ತಿರುತ್ತಾರೆ.

ಪ್ರತಿ ಸಲವೂ ಹಾಗಾಗಿದ್ದರೆ ಯಾವತ್ತೋ ಸಿಕ್ಕಿಬೀಳುತ್ತಿತ್ತು. ನಮ್ಮಲ್ಲಿ ದಿನವೂ ಕಂಪ್ಯೂಟರೇ ನೂರಾರು ಟೆಸ್ಟ್ ನಡೆಸುತ್ತದೆ. ಪಾಸಾದರೆ ಹಸಿರು, ಫೇಲಾದರೆ ಕೆಂಪು. ಸುಮ್ಮಸುಮ್ಮನೆ ಒಮ್ಮೊಮ್ಮೆ ಕೆಂಪಾಗುವ ಟೆಸ್ಟಿಗೆ ನಾವು 'ಮುಂಗೋಪಿ' ಎಂದು ಹೆಸರಿಟ್ಟಿದ್ದೇವೆ. ಮುಂಗೋಪಿ ಕೆಂಪಾದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಇನ್ನೊಮ್ಮೆ ಓಡಿಸುತ್ತಾರೆ, ಹಸಿರಾಗುತ್ತದೆ, ಎಲ್ಲರೂ ಕಾಫಿಗೆ ಏಳುತ್ತಾರೆ. ಎರಡು ಸುಳ್ಳು ಕರೆಗಳನ್ನು ಒಂದೇ ಕ್ಷಣಕ್ಕೆ ಕಳಿಸಿ ನೋಡುವ ಟೆಸ್ಟಿಗೂ ಅದೇ ಹೆಸರು ಬಿದ್ದಿತ್ತು. ಟೆಸ್ಟ್ ಬರೆದವಳು ನಾನೇ ಆದ್ದರಿಂದ, ಬರೆದವಳ ಬುದ್ಧಿ ಅದಕ್ಕೂ ಬಂದಿದೆ ಎಂದು ನಕ್ಕಿದ್ದರು. ಈ ವಾರ ಯಾಕೋ ನನ್ನ ಮನಸ್ಸು ಒಪ್ಪಲಿಲ್ಲ. ಹಸಿರಾದ ಮೇಲೂ ಬಿಡದೆ ಮತ್ತೆ ಮತ್ತೆ ಓಡಿಸಿದೆ. ಕೆಂಪಾದಾಗಲೆಲ್ಲ ಒಂದು ಕರೆ ನಿಜವಾಗಿಯೂ ಕಾಣೆಯಾಗುತ್ತಿತ್ತು. ತಪ್ಪು ಟೆಸ್ಟಿನದಲ್ಲ, ಸಾಫ್ಟ್‌ವೇರಿನದೇ. ಟೀಮಿನವರನ್ನು ಕರೆದು ಅದನ್ನು ತೋರಿಸಿಯೂ ಇದ್ದೆ.

ಟೆಸ್ಟ್ ಬರೆಯುವಾಗ ಒಂದು ವಿಳಾಸ ಬೇಕಿತ್ತು. ನಮ್ಮ ಮನೆಯದನ್ನೇ ಹಾಕಿದ್ದೆ. ರೋಗಿಗೆ ಅತ್ತೆಯವರ ವಯಸ್ಸು, ಎದೆನೋವು. ಕಾಣೆಯಾಗುವ ಕರೆ ಅದೇ. ಸುಳ್ಳು ಕರೆ ಎಂದು ಗೊತ್ತಿದ್ದೂ ಪರದೆಯ ಮೇಲಿನ ಆ ವಿಳಾಸವನ್ನು ಮತ್ತೆ ಮತ್ತೆ ಓದಿದೆ. ಇದನ್ನು ಅವರಿಗೆ ಓದಿ ಹೇಳಬೇಡಿ. ಸೊಸೆ ದೂರ ಇದ್ದೂ ನನ್ನ ಬೆನ್ನು ಬಿಟ್ಟಿಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಾರೆ.

ಇನ್ನು ನಮ್ಮ ಕೋಚ್. ಟೀಮಿನವರು ಕೂಡಿ ಕೆಲಸ ಮಾಡುವುದನ್ನು ಕಲಿಸಲು ಕಂಪನಿ ಕರೆತಂದ ಮನುಷ್ಯ, ಒಂದು ದಿನವೂ ದನಿ ಏರಿಸಿದವರಲ್ಲ. ಎರಡು ವಾರಕ್ಕೊಮ್ಮೆ ನಮ್ಮನ್ನೆಲ್ಲ ಕೂರಿಸಿ, ಏನು ಸರಿಹೋಯಿತು, ಏನು ಕೆಟ್ಟಿತು, ಏನು ಬದಲಿಸೋಣ ಎಂದು ಚೀಟಿ ಬರೆಸಿ ಗೋಡೆಗೆ ಅಂಟಿಸುತ್ತಾರೆ. ಅದನ್ನೇ ನಾನು ಮನೆಗೆ ತಂದು ನಿಮ್ಮ ಪ್ರಾಣ ಹಿಂಡಿದ್ದು. ನೀವು ಕೆಲವು ಭಾನುವಾರ ಸಹಿಸಿಕೊಂಡು, ಕೊನೆಗೆ ಫ್ರಿಜ್ಜಿನ ಮೇಲಿನ ಚೀಟಿಗಳನ್ನೆಲ್ಲ ಕಿತ್ತು, "ಮನೆ ಏನು ನಿನ್ನ ಟೀಮಾ? ನಾನೇನು ಫೇಲಾದ ಟೆಸ್ಟಾ?" ಎಂದಿರಿ. ನಾನು ಬಟ್ಟೆ ತುಂಬಿಕೊಂಡು ಅಕ್ಕನ ಮನೆ ಸೇರಿದೆ. ಇರಲಿ, ಆ ಜಗಳ ಎಲ್ಲೂ ಓಡಿಹೋಗುವುದಿಲ್ಲ.

ಹೊಸದನ್ನು ಹೊರಬಿಡುವ ಮೊದಲು ಕೋಚ್ ನಮ್ಮೆಲ್ಲರ ಕೈ ಎತ್ತಿಸುತ್ತಾರೆ. ಐದು ಬೆರಳು ತೋರಿಸಿದರೆ ಪೂರ್ತಿ ನಂಬಿಕೆ ಇದೆ ಎಂದರ್ಥ, ಮುಷ್ಟಿ ಹಿಡಿದರೆ ನಿಲ್ಲಿಸಿ ಎಂದು. ಒಬ್ಬರು ಮುಷ್ಟಿ ಹಿಡಿದರೂ ಕೆಲಸ ನಿಲ್ಲಬೇಕು. ಪಕ್ಕದವರ ಕೈ ನೋಡಿ ತಮ್ಮ ಕೈ ಎತ್ತುತ್ತಾರೆಂದು ಎಲ್ಲರಿಗೂ ಕಣ್ಣು ಮುಚ್ಚಿಸುತ್ತಾರೆ. ನೋಡುವವರು ಅವರೊಬ್ಬರೇ. ಇವತ್ತು ಮಧ್ಯಾಹ್ನ ಕೈ ಎತ್ತುವ ಹೊತ್ತಿಗೆ ದೊಡ್ಡ ಮ್ಯಾನೇಜರ್ ಬಂದು ಗಾಜಿನ ಬಾಗಿಲಾಚೆ ನಿಂತಿದ್ದರು. ಭಾನುವಾರಕ್ಕೆ ಕೊಡುತ್ತೇವೆಂದು ಅವರು ಆಗಲೇ ನಿಮ್ಮವರಿಗೆ ಮಾತು ಕೊಟ್ಟಾಗಿತ್ತು. ನಾನು ಕಣ್ಣು ಮುಚ್ಚಿ ಮುಷ್ಟಿ ಎತ್ತಿದೆ. ಕೋಚ್ ಎಂದಿನ ಮೆಲುದನಿಯಲ್ಲಿ, "ಮುಷ್ಟಿ ಒಂದೂ ಇಲ್ಲ. ಥ್ಯಾಂಕ್ಸ್, ಕೈ ಇಳಿಸಿ" ಎಂದರು.

ಕಣ್ಣು ಬಿಟ್ಟರೆ ಎಲ್ಲರೂ ಲ್ಯಾಪ್‌ಟಾಪ್ ಮುಚ್ಚುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಉಳಿದವರೆಲ್ಲ ನಂಬಿರುವಾಗ ನನಗೇ ಏನೋ ತಪ್ಪು ತಿಳಿದಿರಬೇಕು ಎನಿಸಿತು. ಬಸ್ಸಿನಲ್ಲಿ ಕೂತು ನನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡೆ. ನಿಜಕ್ಕೂ ಮುಷ್ಟಿ ಹಿಡಿದಿದ್ದೆನೇ, ಹೆದರಿ ಬೆರಳು ಬಿಚ್ಚಿಬಿಟ್ಟೆನೇ? ಅಂಗೈಯಲ್ಲಿ ಉಗುರು ಊರಿದ ಗುರುತು ಇನ್ನೂ ಇತ್ತು. ಅದನ್ನು ಕಂಡ ಮೇಲೆ ಭಯ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅಷ್ಟು ಒಳ್ಳೆಯ ಮನುಷ್ಯ ನನ್ನ ಕೈ ಕಂಡೂ ಕಾಣದಂತೆ ಇದ್ದುಬಿಟ್ಟರಲ್ಲ.

ಕೆಲಸ ಹೋಗುವ ಭಯ ನನಗಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಭಾನುವಾರ ಆ ಕುರ್ಚಿಯಲ್ಲಿ ಕೂರುವವರು ನೀವು. ಒಂದು ಕರೆ ಕಾಣೆಯಾಗಿ ಒಂದು ಜೀವ ಹೋದರೆ, ಎಲ್ಲರೂ ಹಿಡಿದು ಕೇಳುವುದು ಫೋನ್ ಎತ್ತಿದವನನ್ನೇ. ಗಾಡಿ ತಡವಾಗಿ ತಲುಪಿದ ದಿನವೇ ನೀವು ಊಟ ಮುಟ್ಟದೆ ಮಲಗುತ್ತಿದ್ದಿರಿ. ಇದನ್ನು ನೀವು ತಡೆದುಕೊಳ್ಳುವುದಿಲ್ಲ, ನನಗೆ ಗೊತ್ತು. ಹೆಂಡತಿಯ ಕಿರಿಕಿರಿ ಎಂದು ತಳ್ಳಿಹಾಕದೆ, ದಯವಿಟ್ಟು ಬರೆದುಕೊಳ್ಳಿ. ನಾಳೆ ಬೆಳಿಗ್ಗೆ ಭಾವ ಆ ಕಡೆ ಬರುತ್ತಾರೆ, ಅವರ ಕೈಯಲ್ಲೇ ಈ ಪತ್ರ ಕೊಟ್ಟು ಕಳಿಸುತ್ತೇನೆ. ಅತ್ತೆಯವರ ಮಾತ್ರೆ ತಪ್ಪಿಸಬೇಡಿ.

ಇಂತಿ,
ಹೆದರಿ ಕೂತಿರುವ ನಿಮ್ಮವಳು

ವಿ.ಸೂ.: ಶನಿವಾರ ಬೆಳಿಗ್ಗೆ. ಭಾವ ಚಪ್ಪಲಿ ಮೆಟ್ಟುತ್ತಿದ್ದಾಗ ನನ್ನ ಎದುರು ಕೂರುವ ಪ್ರೋಗ್ರಾಮರ್ ಫೋನ್ ಮಾಡಿದ. ನಿದ್ದೆಯೇ ಬರಲಿಲ್ಲವಂತೆ. "ಮೇಡಂ, ನಿನ್ನೆ ನಾನು ಮುಷ್ಟಿ ಹಿಡಿದಿದ್ದೆ" ಎಂದ. ಅವನಿಗೂ ತಾನೊಬ್ಬನೇ ಎಂಬ ಭಯ. ಉಳಿದವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆವು. ಟೀಮಿನ ಐವರೂ ಮುಷ್ಟಿಯನ್ನೇ ಎತ್ತಿದ್ದೆವು. ಈ ಪತ್ರವನ್ನು ಭಾವನ ಕೈಗೆ ಕೊಡುತ್ತಿಲ್ಲ. ಐವರೂ ಈಗಲೇ ನಿಮ್ಮ ಕಂಟ್ರೋಲ್ ರೂಮಿಗೆ ಬಂದು, ನಿಮ್ಮ ಮೇಲಧಿಕಾರಿಯ ಮುಂದೆ ಕಣ್ಣು ಬಿಟ್ಟುಕೊಂಡೇ ಕೈ ಎತ್ತುತ್ತೇವೆ. ಧೈರ್ಯ ಬಂತು ಎಂದುಕೊಳ್ಳಬೇಡಿ, ಐವರಿದ್ದೇವೆ, ಅಷ್ಟೇ. ನನ್ನ ಬಾಯಿ ಕಟ್ಟಿಹೋದರೆ ಇದನ್ನು ನಿಮ್ಮ ಕೈಗಿಡುತ್ತೇನೆ. ನೀವು ಓದಿ ಹೇಳಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ.