ರಾಗಿ ಬೀಸಿದ್ದು ಯಾರೆಂದು ಕೇಳಿ ಹೋದವರಿಗೆ

ಮಾನ್ಯ ನಿರ್ದೇಶಕರೇ,

ನನ್ನ ತಾಯಿಯ ಧ್ವನಿಯನ್ನು ಕೊಂಡೊಯ್ದಿರಿ, ಹಿಂದಕ್ಕೆ ಕೊಡಲಿಲ್ಲ. ಭಾಷಾ ಸಂಶೋಧನಾ ಕಚೇರಿಯ ದೊಡ್ಡ ಕುರ್ಚಿ ಈಗ ನಿಮ್ಮದಂತೆ, ಸಂತೋಷ. ನಾಲ್ಕು ವರ್ಷದ ಹಿಂದೆ ಕಸಾಮಾ ಪಟ್ಟಣದ ಪಕ್ಕದ ನಮ್ಮ ಹಳ್ಳಿಯಲ್ಲಿ ಇದೇ ನೀವು ಚಾಪೆಯ ಮೇಲೆ ಕೂತು, ಕಡಲೆಕಾಯಿ ಹಾಕಿದ ಸೊಪ್ಪಿನ ಜೊತೆ ಅಮ್ಮನ ರಾಗಿ ಮುದ್ದೆಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡಿದ್ದಿರಿ. ಅದಾದರೂ ನೆನಪಿದೆಯೇ?

ನಿಮ್ಮ ವಿಷಯ ಘನವಾದದ್ದು. ನಮ್ಮ ಬೆಂಬಾ ಭಾಷೆಯಲ್ಲಿ, ಅದರ ನೆಂಟರಾದ ಬಾಂಟು ಭಾಷೆಗಳಲ್ಲಿ, ಮಾತಿನ ಒತ್ತು ವಾಕ್ಯದ ಯಾವ ಜಾಗದಲ್ಲಿ ಕೂರುತ್ತದೆ ಎಂಬುದು. ಏನು ಬೀಸಿದೆ ಎಂದು ಕೇಳಿದರೆ, ಉತ್ತರದಲ್ಲಿ ರಾಗಿ ಎಂಬ ಮಾತು ಕ್ರಿಯಾಪದದ ಬೆನ್ನಿಗೇ ಬರಬೇಕು, ಕ್ರಿಯಾಪದವೂ ಅದಕ್ಕೆ ತಕ್ಕ ರೂಪ ತಾಳಬೇಕು. ಯಾರು ಬೀಸಿದ್ದು ಎಂದರೆ ವಾಕ್ಯವನ್ನೇ ಬೇರೆ ಕಟ್ಟಬೇಕು. ಇದನ್ನು ನಾವು ಮೊಲೆಹಾಲಿನ ಜೊತೆ ಕಲಿತೆವು, ನಿಮಗೆ ಅದಕ್ಕೆ ಪದವಿ ಬಂತು.

ಬೀಸುವ ಕಲ್ಲಿನ ಮುಂದೆ ಧ್ವನಿ ಹಿಡಿಯುವ ಯಂತ್ರ ಇಟ್ಟು ನೀವು ಕೇಳಿದ್ದಿರಿ: "ಅಮ್ಮಾ, ರಾಗಿ ಬೀಸಿದ್ದು ಯಾರು?"

"ಅಯ್ಯೋ ನಿನ್ನ! ಕಣ್ಣೆದುರೇ ಬೀಸ್ತಾ ಇದೀನಲ್ಲೋ! ಕಣ್ಣು ಕಾಣಲ್ವ?"

"ಕಾಣುತ್ತಮ್ಮ. ಆದ್ರೂ ನಿಮ್ಮ ಬಾಯಲ್ಲಿ ಬರ್ಬೇಕು."

"ಗೊತ್ತಿರೋದನ್ನೇ ಬಾಯಿ ಬಿಡಿಸೋಕೆ ನೀನೇನು ಪೊಲೀಸಾ? ಸರಿ, ತಗೋ. ಬೀಸಿದ್ದು ನಾನೇ!"

ಅಕ್ಕಪಕ್ಕದ ಹೆಂಗಸರು ಬಿದ್ದು ಬಿದ್ದು ನಕ್ಕರು. ಬೀಸಲು ಕಲಿಸಿದ್ದು ಯಾರು ಎಂದು ನೀವು ಮುಂದುವರಿಸಿದಿರಿ. ಅಮ್ಮ ಸುಮ್ಮನೆ ಬಿಡುವವಳೇ? ತನ್ನ ತಾಯಿ, ತಾಯಿಯ ತಾಯಿ, ಹೀಗೆ ನಮ್ಮ ಅಣಬೆ ಕುಲದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದಳು. ಯಾರು ಯಾವ ಹೊಳೆ ದಾಟಿ ಬಂದರು, ಯಾರು ಕೂಸು ಕಟ್ಟಿಕೊಂಡೇ ಕಾಡು ಕಡಿದು ರಾಗಿ ಬಿತ್ತಿದರು, ಎಲ್ಲವನ್ನೂ. ಕಲ್ಲು ತಿರುಗುತ್ತಲೇ ಇತ್ತು. ನಾನು ಬರೆದುಕೊಳ್ಳಲು ನೋಟ್‌ಬುಕ್ ತಂದೆ.

"ಯಾಕೆ ಕಷ್ಟ ಪಡ್ತೀರಕ್ಕ? ಎಲ್ಲಾ ಇದ್ರಲ್ಲೇ ಉಳಿಯುತ್ತೆ, ಮೊಮ್ಮಕ್ಕಳೂ ಕೇಳ್ಬಹುದು" ಎಂದವರು ನೀವು. "ಬಿಡೇ ಲೊಂಬೆ, ಓದಿದ ಹುಡುಗ ಹೇಳ್ತಿದಾನಲ್ಲ" ಎಂದಳು ಅಮ್ಮ. ನಾನು ನೋಟ್‌ಬುಕ್ ಮುಚ್ಚಿದೆ. ಆ ಕೈಯನ್ನು ಇವತ್ತಿಗೂ ಶಪಿಸುತ್ತೇನೆ.

ಕಳೆದ ವರ್ಷ ಅಮ್ಮ ಹೋದಳು. ರಾಗಿ ಕೊಯ್ಲು ಮುಗಿದೊಡನೆ, ಮುಂದಿನ ತಿಂಗಳು, ನನ್ನ ತಂಗಿಯ ಮಗಳು ಮಲಾಮ, ನಮ್ಮ ಪದ್ಧತಿಯಂತೆ, ತೀರಿಹೋದ ಅಜ್ಜಿಯ ಹೆಸರನ್ನು ತನ್ನದಾಗಿ ಹೊರಲು ಚಾಪೆಯ ಮೇಲೆ ಕೂರುತ್ತಾಳೆ. ಆಗ ನಾನು ಆ ತಾಯಂದಿರನ್ನೆಲ್ಲ ಹೆಸರು ಹಿಡಿದು ಕರೆದು, ಅವರ ಸಾಲಿಗೆ ಅವಳನ್ನು ಸೇರಿಸಬೇಕು. ನನಗೆ ನಾಲ್ಕು ಹೆಸರು ಬರುತ್ತವೆ, ಐದನೆಯದು ಅನುಮಾನ. ನಮ್ಮನ್ನು ಗೇಲಿ ಮಾಡುವ ಹಕ್ಕಿರುವ ಮಳೆ ಕುಲದವರು ಈಗಲೇ ಶುರುಮಾಡಿದ್ದಾರೆ: "ಅಣಬೆಗೆ ಬೇರೆಲ್ಲಿದೆ ಬಿಡಿ!" ಮಲಾಮ ನಗುತ್ತಾಳೆ, ಆಮೇಲೆ ಒಳಗೆ ಹೋಗಿ ಅಳುತ್ತಾಳೆ.

ಆ ಧ್ವನಿ ಕೊಡಿ ಎಂದು ಮೂರು ಪತ್ರ ಬರೆದೆ. ಬಸ್ಸು ಹತ್ತಿ ನಿಮ್ಮ ಬಾಗಿಲಿಗೂ ಬಂದೆ. ಸಾಹೇಬರು ಸಭೆಯಲ್ಲಿದ್ದಾರೆಂದು ಗುಮಾಸ್ತ ಒಂದು ಪೆನ್‌ಡ್ರೈವ್ ಕೈಗಿತ್ತ. ಊರಿಗೆ ಬಂದು ಎಲ್ಲರೂ ಸುತ್ತ ಕೂತು ಕೇಳಿದೆವು. ನೂರ ನಲವತ್ತಮೂರು ತುಣುಕು, ಒಂದೊಂದೂ ಮೂರು ಸೆಕೆಂಡು. "ಬೀಸಿದ್ದು ನಾನೇ." "ಬೀಸಿದ್ದು ರಾಗಿ." ನಗು ಇಲ್ಲ, ಕಲ್ಲಿನ ಸದ್ದಿಲ್ಲ, ಹೆಸರುಗಳಿಲ್ಲ. ಜೊತೆಗೊಂದು ಚೀಟಿ: "ಸಂಶೋಧನೆಗೆ ಸಂಬಂಧಿಸದ ಭಾಗಗಳನ್ನು ಅಳಿಸಲಾಗಿದೆ."

ಅಳಿಸಲಾಗಿದೆಯಂತೆ! ಯಾರು ಅಳಿಸಿದ್ದು, ಸ್ವಾಮಿ? ಮುದುಕಿಯ ಬಾಯಿಂದ ಮಾಡಿದವರ ಹೆಸರು ಹೊರಡಿಸಲು ಎರಡು ವಾರ ಕಾಡಿದವರು, ನಿಮ್ಮ ಸರದಿ ಬಂದಾಗ ಆ ಹೆಸರನ್ನು ಎಲ್ಲಿ ನುಂಗಿದಿರಿ? ನಿಮ್ಮನ್ನು ಮಗನೆಂದಳಲ್ಲ, ನಾವು ನಂಬಿದೆವಲ್ಲ!

ಮೂಲ ಧ್ವನಿ ಎಲ್ಲಾದರೂ ಉಳಿದಿದ್ದರೆ ಚಾಪೆ ಹಾಸುವ ಮೊದಲು ಕಳಿಸಿ. ಇಲ್ಲವಾದರೆ ನೀವೇ ಬನ್ನಿ, ಗುಮಾಸ್ತ ಬೇಡ. ಮುದ್ದೆ ಹಾಕುತ್ತೇವೆ, ಹೊಡೆಯುವುದಿಲ್ಲ. ಐದನೆಯ ಹೆಸರಿಗೆ ನನ್ನ ಬಾಯಿ ಕಟ್ಟಿದಾಗ, ಮಲಾಮಳ ಮುಖ ನೋಡಿ ನೀವು ಪೂರ್ತಿ ವಾಕ್ಯದಲ್ಲಿ ಹೇಳಬೇಕು: "ಅಳಿಸಿದ್ದು ನಾನೇ."

ಇಂತಿ,
ನಿಮ್ಮ ಪುಸ್ತಕದಲ್ಲಿ "ಮಾಹಿತಿದಾರೆ, ಹೆಣ್ಣು, ಎಪ್ಪತ್ತು" ಎಂದಷ್ಟೇ ಉಳಿದವಳ ಮಗಳು,
ನಿಮ್ಮ ಮಾತು ನಂಬಿ ನೋಟ್‌ಬುಕ್ ಮುಚ್ಚಿದ
ಲೊಂಬೆ