ನೂರು ಕುದುರೆಗಳ ಲಾಯ

ಘಾಟಬೋರಾಳ, ಮಂಗಳವಾರ, ೧೨ ಆಗಸ್ಟ್ ೨೦೨೫

ಇವತ್ತೂ ಒಂದು ಸಾಲು ಬರೆಯಲಾಗಲಿಲ್ಲ. ಮೊಬೈಲಿನ ಕಥೆಗಳ ಆ್ಯಪ್‌ನಲ್ಲಿ ನನ್ನ ರೆಕ್ಕೆ ಕುದುರೆಗಳ ಕಾದಂಬರಿಯ ಇಪ್ಪತ್ತೆರಡನೆಯ ಅಧ್ಯಾಯ ಹಾಕಿ ಮೂರು ದಿನವಾಯಿತು. ಯಾರೋ ಒಬ್ಬರು ಓದುತ್ತ ಊಟ ಮರೆತೆ ಎಂದಿದ್ದಾರೆ. ಇನ್ನೊಬ್ಬರು ಇಂಗ್ಲಿಷ್ ಸಿನಿಮಾದ ನಕಲು ಎಂದು ಒಂದೇ ನಕ್ಷತ್ರ ಕೊಟ್ಟಿದ್ದಾರೆ. ಬಸವಕಲ್ಯಾಣದ ಗೆಳತಿ ಪ್ರಣಿತಾ ಐದು ಕೊಟ್ಟಳು. ಓದಿದೆಯಾ ಎಂದು ಫೋನಿನಲ್ಲಿ ಕೇಳಿದರೆ, "ಇಲ್ಲ ಬಿಡ, ನೀ ಬರ್ದೀದಿ ಅಂದ್ರ ಛಲೋನೇ ಇರ್ತದ" ಅಂದಳು.

ಅದನ್ನೆಲ್ಲ ತಡೆದುಕೊಂಡೆ. ಮೊನ್ನೆ ಸಂಜೆ ಅವ್ವ ಪಾಟೀಲರ ದನದ ಕೊಟ್ಟಿಗೆ ಗುಡಿಸಿ ಬಂದು ಕಾಲು ಚಾಚಿ ಕೂತಾಗ ಅವಳಿಗೆ ಓದಿ ಹೇಳಿದೆ. ಬಂಗಾರದ ಲಾಯದಲ್ಲಿ ನೂರು ಕುದುರೆಗಳು ರೆಕ್ಕೆ ಮಡಚಿ ಮಲಗುವ ಜಾಗ ಬಂತು.

"ನೂರು ಕುದುರಿ ಅಂದ್ರ ಲದ್ದಿ ಯಾರು ಬಳೀತಾರ?"

"ಅದೆಲ್ಲ ಕಥಿಯಾಗ ಬರಂಗಿಲ್ಲವ್ವ."

"ಯಾಕ, ಅವು ತಿನ್ನಂಗಿಲ್ಲೇನು?"

ಅವಳು ನಗುತ್ತಿದ್ದಳು. ಕಥೆ ಅವಳಿಗೆ ಹಿಡಿಸಿತ್ತು. ನಾನು ಮುಂದೆ ಓದದೆ ಮೊಬೈಲು ಕೆಳಗಿಟ್ಟೆ.

ಬರೆದೇ ಬದುಕುತ್ತೇನೆಂದು ಹಟ ಹಿಡಿದು ಹುಮನಾಬಾದಿನ ಶಾಲೆಯ ಕೆಲಸ ಬಿಟ್ಟವಳು ನಾನು. ರಾಜಕುಮಾರಿಯರಿಗೆ, ಮಾಂತ್ರಿಕರಿಗೆ, ಕುದುರೆಗಳಿಗೆ ಕೂಡ ಹೆಸರಿಟ್ಟೆ. ಅವ್ವನಂಥವಳು ಒಬ್ಬಳೂ ಆ ಕಥೆಯ ಊರಿನಲ್ಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಸೆಗಣಿಯ ವಾಸನೆ ಇಲ್ಲದ ಜಾಗ ಬೇಕಿತ್ತು, ಅದಕ್ಕೇ ಅವಳನ್ನು ಹೊರಗಿಟ್ಟೆ. ಈಗ ಪೊರಕೆ ಕೊಟ್ಟು ಲಾಯದೊಳಗೆ ಕರೆಯಲು ನಾಚಿಕೆಯಾಗುತ್ತಿದೆ. ಅಲ್ಲಿಯೂ ಅವಳೇ ಬಳಿಯಬೇಕೇ? ಅವಳನ್ನು ಕುದುರೆಯ ಮೇಲೆ ಕೂರಿಸಲು ಎಷ್ಟೋ ಸಲ ನೋಡಿದೆ, ಪ್ರತಿ ಸಲವೂ ಅವಳು ಕೆಳಗಿಳಿದು ಪೊರಕೆ ಹುಡುಕುತ್ತಾಳೆ.