ಆಸ್ಟ್ರಿಯ ಸುತ್ತ ಏಳೇ ನಾಡು

ಭಾನುವಾರ, ಮಾರ್ಚ್ ಹದಿನೇಳು

ಸಮಸ್ತ ಭೂಮಂಡಲದ ಗಡಿಪಾಲಕರೇ, ಬೇಲಿಪಾಲಕರೇ, ಒಂದೇ ಅಂಕದಲ್ಲಿ ಬದುಕನ್ನು ಅಳೆಯಬಲ್ಲ ಪರೀಕ್ಷಾ ಮಂಡಳಿಯ ಮಹನೀಯರೇ, ಹಾಗೂ ಇವರೆಲ್ಲರ ಹಿಂದೆ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿರುವ ನನ್ನ ಪ್ರೀತಿಯ ತಂಗಿಯೇ,

ಈ ಮಹಾಸಭೆಯ ಮುಂದೆ ಆರೋಪಿ ನಾನು. ವಯಸ್ಸು ನಲವತ್ತಾರು. ವೃತ್ತಿ, ಸಾಮಾನ್ಯ ಜ್ಞಾನದ ಪಾಠ. ಸ್ಥಳ, ಹೊಲಿಗೆ ಅಂಗಡಿಯ ಮೇಲಿನ ತರಬೇತಿ ಕೇಂದ್ರ. ಬೆಳಿಗ್ಗೆ ಒಂದು ಬ್ಯಾಚು, ಸಂಜೆ ಒಂದು ಬ್ಯಾಚು, ನಡುವೆ ಗಂಟಲಿಗೆ ಬಿಸಿನೀರು. ಯಾವ ದೇಶಕ್ಕೆ ಯಾವ ದೇಶ ಅಂಟಿಕೊಂಡಿದೆ ಎಂದು ಹತ್ತೊಂಬತ್ತು ವರ್ಷ ಹೇಳಿ ಹೇಳಿ ಸಾಕಾಗಿಹೋಗಿದೆ. ಪದ್ಯವಾದರೆ ನೆನಪಿರುತ್ತದೆ ಎಂದು ಎಲ್ಲ ಗಡಿಗಳಿಗೂ ಪ್ರಾಸ ಕಟ್ಟಿದೆ. ಹಿಂದಿನ ಬೆಂಚಿನವರು ನನಗೆ ಪ್ರಾಸಮ್ಮ ಎಂದು ಹೆಸರಿಟ್ಟಿದ್ದಾರೆ. ಅಮ್ಮನಂತೂ ಎಂದೋ ಹೇಳಿಬಿಟ್ಟಿದ್ದಾಳೆ: "ದೊಡ್ಡವಳದ್ದು ಪದ್ಯ, ಚಿಕ್ಕವಳದ್ದು ಪಥ್ಯ. ನನ್ನ ಹೊಟ್ಟೆಗೆ ಆಗೋದು ಎರಡನೇದು."

ನಿನ್ನ ಕಾಗದ ಬಂತು. ಒಂದು ಅಂಕದಲ್ಲಿ ಕೆಲಸ ತಪ್ಪಿತು, ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ, ಆಸ್ಟ್ರಿಯದ ಗಡಿಗೆ ಎಷ್ಟು ದೇಶ ಎಂದು ಕೇಳಿದ್ದಕ್ಕೆ ಏಳು ಎಂದು ಗುರುತು ಹಾಕಿದೆ, ಸರಿಯುತ್ತರ ಎಂಟಂತೆ. "ನಾನೇ ಎಲ್ಲೋ ತಪ್ಪಾಗಿ ಬಾಯಿಪಾಠ ಮಾಡ್ಕೊಂಡೆ ಅಕ್ಕಾ, ನಿನ್ನ ಪಾಠಕ್ಕೆ ಅವಮಾನ ಮಾಡ್ಬಿಟ್ಟೆ" ಎಂದು ಬರೆದಿದ್ದೀಯ.

ಇಲ್ಲ ಕಣೇ. ನೀನು ಸರಿಯಾಗಿಯೇ ಬಾಯಿಪಾಠ ಮಾಡಿದ್ದೆ. ನಾನು ನಿನಗೆ ಅಂಚೆಯಲ್ಲಿ ಕಳಿಸಿದ ಪುಸ್ತಿಕೆಯಲ್ಲಿ ಇರುವುದೇ ಹೀಗೆ:

ಜರ್ಮನಿ, ಇಟಲಿ, ಚೆಕ್ಕು ಪಕ್ಕ,
ಸ್ವಿಟ್ಜರ್ಲೆಂಡು, ಹಂಗೇರಿ ಅಕ್ಕ,
ಸ್ಲೊವೇನಿಯ, ಸ್ಲೊವಾಕಿಯ ಅವಳಿ ಜೋಡು,
ಆಸ್ಟ್ರಿಯ ಸುತ್ತ ಏಳೇ ನಾಡು!

ಬಿಟ್ಟುಹೋದದ್ದು ಲಿಕ್ಟೆನ್‌ಸ್ಟೈನ್. ಚಿಟಿಕೆಯಷ್ಟು ದೇಶ. ಅದರ ಹೆಸರಿಗೆ ಪ್ರಾಸ ಹುಡುಕುವಷ್ಟರಲ್ಲಿ ಆ ದೇಶವನ್ನೇ ನಡೆದು ದಾಟಬಹುದು. ಕಣ್ತಪ್ಪಾಯಿತು, ಉತ್ತರಪಟ್ಟಿ ನೋಡಿದ ದಿನವೇ ನನಗೂ ಗೊತ್ತಾದದ್ದು. ಮಂಡಳಿಗೊಂದು ಅರ್ಜಿ ಹಾಕಿದರೆ ಹೇಗೆ ಎಂದು ಕೇಂದ್ರದ ಯಜಮಾನರನ್ನು ಕೇಳಿದೆ. "ಏನಂತ ಬರೀತೀರಿ ಮೇಡಂ? ಪ್ರಾಸಕ್ಕೆ ಸಿಗದ ದೇಶನ ರದ್ದು ಮಾಡಿ ಅಂತಲಾ?" ಎಂದು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ಹನ್ನೊಂದು ವರ್ಷ ಅಮ್ಮನ ಮಾತ್ರೆ, ಮಂಚ, ಬಕೆಟ್ಟುಗಳ ನಡುವೆ ಓದಿದವಳು ನೀನು. ಗೋಡೆಗೆ ಭೂಪಟ ಅಂಟಿಸಿಕೊಂಡು, ಅವಳ ಬೆನ್ನು ಉಜ್ಜುತ್ತ ದೇಶಗಳ ಹೆಸರು ಹೇಳಿಕೊಳ್ಳುತ್ತಿದ್ದೆಯಂತೆ. "ಇವಳು ನನ್ನ ಬೆನ್ನ ಮೇಲೆ ಯುರೋಪ್ ತಿಕ್ತಾಳೆ" ಎಂದು ಅಮ್ಮ ಫೋನಿನಲ್ಲಿ ದೂರಿದ್ದಳು. ಕೆಲಸ ಸಿಕ್ಕಿದ್ದರೆ ಇಷ್ಟುಹೊತ್ತಿಗೆ ಯಾವುದೋ ಊರಿನ ದಾಖಲೆ ಕಚೇರಿಯಲ್ಲಿ ನಿನ್ನದೇ ಮೇಜು, ನಿನ್ನದೇ ಬೀಗದ ಕೈ. "ಆಮೇಲೆ ಅಮ್ಮ ನಿನ್ನ ಹತ್ರ ಇರ್ಲಿ ಅಕ್ಕಾ, ಇನ್ನು ನಿನ್ನ ಸರದಿ" ಎಂದಿದ್ದೆ. ನಾನು ಹೂಂ ಎಂದಿದ್ದೆ.

ಪದ್ಯ ನನ್ನದು, ತಪ್ಪೂ ನನ್ನದು. ನಿನ್ನನ್ನು ನೀನು ಹಳಿದುಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನನ್ನು ಕೇಳಿದೆನೆಂದು ಹೇಳು.

ಇಂತಿ,
ನಿನ್ನ ಅಕ್ಕ

ಸಹಿ ಹಾಕಿದ ಮೇಲೆ: ಸಭೆ ಮುಗಿಯಿತು, ಇಲ್ಲಿ ನೀನೂ ನಾನೂ ಇಬ್ಬರೇ. ಉತ್ತರಪಟ್ಟಿ ನೋಡಿ ಗೊತ್ತಾಯಿತು ಎಂದದ್ದು ಸುಳ್ಳು. ಪರೀಕ್ಷೆಗೆ ಎರಡು ತಿಂಗಳ ಮೊದಲೇ ಕ್ಲಾಸಿನಲ್ಲಿ ಒಬ್ಬಳು ಎದ್ದು ನಿಂತು, "ಮೇಡಂ, ಒಂದು ದೇಶ ಕಾಣಿಸ್ತಿಲ್ಲ" ಎಂದಳು. ಮರುದಿನವೇ ತಿದ್ದುಪಡಿಯ ಚೀಟಿ ಅಚ್ಚು ಹಾಕಿಸಿ, ಎಲ್ಲರ ಪುಸ್ತಿಕೆಗೂ ನನ್ನ ಕೈಯಾರೆ ಅಂಟಿಸಿದೆ. ನಿನ್ನದನ್ನು ಲಕೋಟೆಗೆ ಹಾಕಿ, ವಿಳಾಸ ಬರೆದು, ಅಂಚೆಪೆಟ್ಟಿಗೆಯವರೆಗೂ ಹೋದೆ. ಅಲ್ಲಿ ನಿಂತು, ನನ್ನ ಒಂದೇ ಕೋಣೆಯಲ್ಲಿ ಅಮ್ಮನ ಮಂಚ ಎಲ್ಲಿ ಹಾಕುವುದು ಎಂದು ಯೋಚಿಸಿದೆ. ಲಕೋಟೆ ವಾಪಸು ತಂದೆ. ಈ ಕಾಗದವನ್ನು ಅದರಲ್ಲೇ ಹಾಕುತ್ತಿದ್ದೇನೆ. ಚೀಟಿ ಒಳಗೇ ಇದೆ.